ಕೊಂಡ ಮನೆ ಮರಳಿ ಮಾರಾಟಕ್ಕೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದರು. ಕೊಂಡ ಮನೆಯನ್ನು ವರ್ಷ ತಿರುಗುವುದರೊಳಗೆ ಮಾರಿ ನೋಡು ಎಂದು ಹೇಳಲಿಲ್ಲ. ಬುದ್ಧಿಯುಳ್ಳ ಗೃಹಸ್ಥನು ಅಂಥ ಕೆಲಸಕ್ಕೆ ಕೈಹಾಕಿಯಾನೆಂದು ಅವರಿಗೆ ತೋರಿರಲಾರದು. ಆದರೆ ಈಗಿನ ಬೆಂಗಳೂರಿನಲ್ಲಿ, ಹೋದ ವರ್ಷ ಗೃಹಪ್ರವೇಶದ ಮಾವಿನ ತೋರಣ ಕಂಡ ಬಾಗಿಲಿನಲ್ಲಿಯೇ ಈ ವರ್ಷ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗುವುದುಂಟು. ಕಂಡವರೆಲ್ಲರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: ಆ ಮನೆಯಲ್ಲಿ ಏನೋ ಐಬು ಇರಬೇಕು.

ಈ ಶಂಕೆಯು ನಿರಾಧಾರವೆಂದು ನಾವು ಹೇಳೆವು. ಬೇಗನೆ ಮಾರುವವನಿಗೆ ಒದಗುವ ನಷ್ಟವು ಸಾಮಾನ್ಯವಾದುದಲ್ಲ. ಬಲವಾದ ಕಾರಣವಿಲ್ಲದೆ ಯಾರೂ ಅದನ್ನು ತಲೆಯ ಮೇಲೆ ಹೊತ್ತುಕೊಳ್ಳಲಾರರು. 80 ಲಕ್ಷ ರೂಪಾಯಿಯ ಮನೆಯೊಂದನ್ನು ತೆಗೆದುಕೊಳ್ಳಿ. ಮುದ್ರಾಂಕ ಶುಲ್ಕವು ನೂರಕ್ಕೆ 5. ಅದರ ಮೇಲಣ ಉಪಕರಗಳು ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕವು ನೂರಕ್ಕೆ 1 ಇದ್ದುದು 2025ರ ಆಗಸ್ಟ್ 31ರಿಂದ 2 ಆಯಿತು. ಅಂತೂ ಕೊಂಡವನು 6 ಲಕ್ಷ 8 ಸಾವಿರ ರೂಪಾಯಿಗಳನ್ನು ಸರ್ಕಾರಕ್ಕೆ ಕಟ್ಟಿರುತ್ತಾನೆ. ಮರಳಿ ಮಾರುವಾಗ ಇದರಲ್ಲಿ ಒಂದು ಕಾಸೂ ಹಿಂದಿರುಗದು. ದಲ್ಲಾಳಿಗೆ ಕೊಟ್ಟುದು ಬೇರೆ.

ಸಾಲದ ಲೆಕ್ಕವಂತೂ ಇನ್ನೂ ಕಠಿಣವಾದುದು. 60 ಲಕ್ಷ ರೂಪಾಯಿಗಳನ್ನು ನೂರಕ್ಕೆ ಎಂಟೂವರೆಯ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ತಂದವನು ತಿಂಗಳಿಗೆ ಸುಮಾರು 52 ಸಾವಿರ ಕಟ್ಟಬೇಕು. ಒಂದು ವರ್ಷ ತಪ್ಪದೆ ಕಟ್ಟಿದರೆ 6 ಲಕ್ಷ 25 ಸಾವಿರವಾಗುವುದು. ಅಷ್ಟರಲ್ಲಿ ಅಸಲಿಗೆ ಸಂದುದು ಒಂದು ಲಕ್ಷ 20 ಸಾವಿರದಷ್ಟು ಮಾತ್ರ. ಉಳಿದುದೆಲ್ಲವೂ ಬಡ್ಡಿ! ಇಷ್ಟಾಗಿ ಲಾಭ ಬಂದರೂ, 24 ತಿಂಗಳು ಮೀರದೆ ಮಾರಿದುದಾದರೆ ಆ ಲಾಭವು ಉಳಿದ ವರಮಾನದೊಡನೆ ಸೇರಿ ಅದರಂತೆಯೇ ತೆರಿಗೆಗೆ ಒಳಪಡುತ್ತದೆ. ಹಳೆಯ ಮನೆಯನ್ನು ಮಾರಿದ ಲಾಭದಿಂದ ಹೊಸದನ್ನು ಕೊಂಡು ತೆರಿಗೆಯ ವಿನಾಯಿತಿ ಪಡೆದವರು ಮೂರು ವರ್ಷದೊಳಗೆ ಹೊಸದನ್ನೂ ಮಾರಿದರೆ ಆ ವಿನಾಯಿತಿಯ ಫಲವೂ ಕೈಬಿಟ್ಟುಹೋಗುವುದು. ಹಳೆಯ ಮನೆಯನ್ನು ಅಗ್ಗಕ್ಕೆ ಹಿಡಿದು, ಸುಣ್ಣಬಣ್ಣ ಮಾಡಿಸಿ, ಹೆಚ್ಚಿನ ಬೆಲೆಗೆ ದಾಟಿಸುವ ವ್ಯಾಪಾರಿಗಳೂ ಇದ್ದಾರೆ. ಅವರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡವರು. ಅವರ ಮಾತು ಇಲ್ಲಿ ಬೇಡ.

ಹಾಗಾದರೆ ಸಂಸಾರಸ್ಥನು ಏಕೆ ಮಾರುತ್ತಾನೆ? ನಮ್ಮ ಎದುರುಮನೆಯ ಸಂಗತಿಯನ್ನು, ಆ ಮನೆಯ ತಾಯಿಯ ಒಪ್ಪಿಗೆ ಪಡೆದೇ, ಇಲ್ಲಿ ಬರೆಯುತ್ತಿದ್ದೇವೆ. ವೈಶಾಖದಲ್ಲಿ ಅವರ ಗೃಹಪ್ರವೇಶವಾಯಿತು. ಮಾಘದಲ್ಲಿ ಹಲಗೆ ಬಿದ್ದಿತು. ಬೀದಿಯಲ್ಲಿ ಮಾತು ಹಬ್ಬುವುದಕ್ಕೆ ಎರಡು ದಿನ ಸಾಕಾಯಿತು. ಬಾಗಿಲು ದಕ್ಷಿಣಕ್ಕಿದೆಯೆಂದರು ಕೆಲವರು. ಆ ನಿವೇಶನದಲ್ಲಿ ಹಿಂದೆ ನಾಗರಕಲ್ಲು ಇದ್ದಿತೆಂದರು, ಅದನ್ನು ಎಂದೂ ಕಾಣದವರು. ನಿಜವೇನೆಂದರೆ ಯಜಮಾನರ ಮೂತ್ರಪಿಂಡಗಳು ಕೆಟ್ಟು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಾಗಿ ಬಂದಿತ್ತು. ಅವರು ಉದ್ಯೋಗವನ್ನು ಬಿಟ್ಟಿದ್ದರು. ಸಾಲದ ಕಂತು ನಿಲ್ಲುವಂತಿರಲಿಲ್ಲ.

“ಇದನ್ನು ಬಂದವರಿಗೆ ಹೇಳಬಾರದೇನಮ್ಮ?” ಎಂದು ನಾವು ಕೇಳಿದೆವು.

“ಕಷ್ಟದಲ್ಲಿದ್ದಾರೆಂದು ತಿಳಿದರೆ ಹತ್ತು ಲಕ್ಷ ಇಳಿಸಿ ಕೇಳುತ್ತಾರೆ. ಹೇಳದಿದ್ದರೆ ಮನೆಗೇ ದೋಷವೆಂದು ಇಳಿಸುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ, ಹೇಳಿ?” ಎಂದರು ಆಕೆ.

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ವರ್ಗಾವಣೆ, ಉದ್ಯೋಗನಾಶ, ದಾಂಪತ್ಯದ ಬಿರುಕು, ಮರಣ—ಬೇಗ ಮರಳುವ ಅನೇಕ ಮನೆಗಳ ಹಿಂದೆ ಇಂಥದೇ ಒಂದು ಸಂಗತಿ ಇರುತ್ತದೆ. ಅದು ಗೋಡೆಯ ದೋಷವಲ್ಲ.

ಆದರೆ ಗೋಡೆಯ ದೋಷವೂ, ಪತ್ರದ ದೋಷವೂ ಇಲ್ಲದಿಲ್ಲ. ಕೊಂಡವನು ಮೊದಲ ಮಳೆಗಾಲದಲ್ಲಿಯೇ ಕಣ್ತೆರೆಯುವುದುಂಟು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬಹು ಬೆಲೆಯ ಮನೆಗಳಿಗೆ ನೀರು ನುಗ್ಗಿ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ರಾಜಕಾಲುವೆಯ ಮೇಲೆ ಕಟ್ಟಿದವೆಂದು 2016ರ ಆಗಸ್ಟಿನಲ್ಲಿ ನಗರದ ಹಲವು ಮನೆಗಳನ್ನು ಕೆಡವಿದಾಗ, ಪತ್ರ ಸರಿಯಾಗಿದೆಯೆಂದು ನಂಬಿ ಕೊಂಡವರೇ ಬೀದಿಗೆ ಬಿದ್ದರು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗೆ ಕಾಯಬೇಕಾದ ಮೇಲೆ ಮನೆ ಬೇಡವೆನಿಸಿದವರೂ ಇದ್ದಾರು.

ಪತ್ರದ ದೋಷವು ಇದಕ್ಕಿಂತ ಸೂಕ್ಷ್ಮವಾದುದು. ಋಣಭಾರ ಪತ್ರವನ್ನು ತರಿಸಿದರೆ ನೋಂದಣಿಯಾದ ಕ್ರಯಗಳೂ ಅಡಮಾನಗಳೂ ಕಾಣುತ್ತವೆ. ಮನೆ ಎಷ್ಟು ಬೇಗ ಕೈ ಬದಲಾಯಿಸಿತೆಂಬುದೂ ಅದರಲ್ಲಿಯೇ ತಿಳಿಯುವುದು. ಆದರೆ ನ್ಯಾಯಾಲಯದಲ್ಲಿರುವ ದಾವೆಯು ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿಯಿಂದ ಗಂಡುಮಕ್ಕಳಷ್ಟೇ ಹಕ್ಕು ಬಂದಿತು. ಅದಕ್ಕೆ ತಂದೆಯು ಆಗ ಬದುಕಿರಬೇಕಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿತು. ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿ ಮಾರಿದ ಮನೆಗೆ ಅಕ್ಕನ ಭಾಗದ ದಾವೆಯು ಬೆನ್ನುಹತ್ತಿ ಬರುವುದು ಹೀಗೆ. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ಕಟ್ಟುಬೀಳುತ್ತಾನೆ. ಅಂಥವನು ಗುಟ್ಟಾಗಿ ಮತ್ತೊಬ್ಬನ ಕೊರಳಿಗೆ ಮನೆಯನ್ನು ಕಟ್ಟಲು ನೋಡುವನು. ಎಚ್ಚರ ವಹಿಸಿದರೂ ಕಾಣದಂಥ ದೋಷವನ್ನು ಮಾರುವವನೇ ತಿಳಿಸಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯು ವಿಧಿಸಿದೆ. ತಿಳಿಸದೆ ಹೋದವನ ಮೇಲೆ ಹೋರಾಡುವುದಕ್ಕೆ ಆಯುಸ್ಸು ಬೇಕು.

ಎದುರುಮನೆಯನ್ನು ನೋಡಲು ತುಮಕೂರಿನ ಕಡೆಯ ವೃದ್ಧರೊಬ್ಬರು ಬಂದಿದ್ದರು. ನೋಡಿಯಾದ ಮೇಲೆ ನೇರವಾಗಿ ನಮ್ಮ ಜಗಲಿಗೇ ಬಂದು, “ಸ್ವಾಮಿ, ವರ್ಷ ತುಂಬದೆ ಬಿಡುತ್ತಿದ್ದಾರಲ್ಲ, ಏನು ಕಥೆ?” ಎಂದು ಕೇಳಿದರು.

“ಕಥೆಯನ್ನು ಆ ಮನೆಯವರನ್ನೇ ಕೇಳಬೇಕು, ರಾಯರೇ. ಮನೆಯ ವಿಚಾರವಾದರೆ ನಾವು ಹೇಳಬಲ್ಲೆವು” ಎಂದೆವು. ಕಾವೇರಿ ನೀರು ದಿನ ಬಿಟ್ಟು ದಿನ ಬರುವುದನ್ನೂ, ಮಳೆನೀರು ಎಂದೂ ಒಳಗೆ ನಿಲ್ಲದುದನ್ನೂ, ಮಹಡಿಯ ಪಡುವಣ ಗೋಡೆ ಆಷಾಢದಲ್ಲಿ ತೇವವಾಗುವುದನ್ನೂ ಮರೆಮಾಚದೆ ಹೇಳಿದೆವು. ಅವರು ವಕೀಲರಿಂದ ಪತ್ರಗಳನ್ನೆಲ್ಲ ನೋಡಿಸಿದರು. ಮೂಲ ಮಾಲೀಕರ ಹೆಣ್ಣುಮಕ್ಕಳೂ ಸಹಿ ಮಾಡಿದ್ದುದನ್ನು ಖಚಿತಪಡಿಸಿಕೊಂಡರು. ಬಳಿಕ ಆ ತಾಯಿಯನ್ನೇ ಕೇಳಿದರು; ಆಕೆ ಇದ್ದುದನ್ನು ಹೇಳಿಬಿಟ್ಟರು.

ಗೋಡೆಯ ತೇವಕ್ಕೆಂದು ಒಂದು ಲಕ್ಷವನ್ನು ಮುರಿದುಕೊಂಡು, ಉಳಿದುದಕ್ಕೆ ಅವರು ಚೌಕಾಶಿ ಮಾಡಲಿಲ್ಲ. ಬ್ಯಾಂಕಿನ ಸಾಲ ತೀರಿತು. ಸರ್ಕಾರಕ್ಕೆ ಕಟ್ಟಿದ ಹಣವೂ ಹತ್ತು ತಿಂಗಳ ಬಡ್ಡಿಯೂ ಹೋದವು. ದಂಪತಿಗಳು ಆಸ್ಪತ್ರೆಗೆ ಸಮೀಪವಾದ ಬಾಡಿಗೆಯ ಮನೆಯೊಂದರಲ್ಲಿದ್ದಾರೆ. ತುಳಸೀಕಟ್ಟೆಯನ್ನು ಬಿಟ್ಟು, ಗಿಡವನ್ನು ಮಾತ್ರ ಕುಂಡದಲ್ಲಿಟ್ಟು ಒಯ್ದರು.