ರೊಟ್ಟಿ ಬಡಿದವರ ಋಣ

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಗಾದಿಗನೂರಿನಲ್ಲಿ ನಮ್ಮ ಅದಿರಿನ ಲಾರಿಯೂ ನಿಂತಿತು. ಕೆಂಧೂಳು ಅಡಗಿತು, ಕಂತು ಅಡಗಲಿಲ್ಲ. ಉಂಡ ಮೇಲೆ ಅಲ್‌ಹಮ್ದುಲಿಲ್ಲಾಹ್ ಎನ್ನುವುದನ್ನೂ ನಾವು ಮರೆತೆವು.

ಪಕ್ಕದ ಕ್ರೈಸ್ತ ಮನೆಯದೂ ಅದೇ ಪಾಡು. ಒಂದು ರಾತ್ರಿ ಅವರಲ್ಲಿ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಲೆ. ಅಜ್ಜಿ ಕಣ್ಣುಮುಚ್ಚಿ ಕರ್ತನಿಗೆ ಸ್ತೋತ್ರ ಹೇಳಿದರು: ರೊಟ್ಟಿಗಾಗಿ, ರೊಟ್ಟಿ ಬಡಿದ ಸೊಸೆಗಾಗಿ, ಬಂದ ನೆರೆಯವರಿಗಾಗಿ. ನಾವು ತಲೆ ತಗ್ಗಿಸಿದೆವು. ಜನರಿಗೆ ಕೃತಜ್ಞರಾಗದವರು ಅಲ್ಲಾಹನಿಗೂ ಕೃತಜ್ಞರಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ನಮಗೆ ಬಾಯಿಪಾಠವಿತ್ತು, ಅಷ್ಟೇ.

ಮರುದಿನ ಉಂಡೆದ್ದ ಅಣ್ಣ ಅಲ್‌ಹಮ್ದುಲಿಲ್ಲಾಹ್ ಎಂದ. ಅಮ್ಮಿಯತ್ತ ತಿರುಗಿ ರೊಟ್ಟಿ ಚಲೋ ಆಗಿತ್ತೆಂದ. ಅಮ್ಮಿಗೆ ಆಶ್ಚರ್ಯ.

ಸಾಲಕ್ಕೆ ಲಾರಿ ಹೋಯಿತು. ಆ ಎರಡು ಮಾತು ನಮ್ಮಲ್ಲಿ ಇನ್ನೂ ಇವೆ.