ಕೈಯೂ ಕಿವಿಯೂ

ಸಂಗೀತದ ಮೂಲವು ಕೈಯೋ ಕಿವಿಯೋ ಎಂದು ಕೇಳಿದರೆ ಕೇಳುಗರು ಕಿವಿಯೆಂದಾರು, ನುಡಿಸುವವರು ಕೈಯೆಂದಾರು. ಬಿಡುವಿನ ವೇಳೆಯಲ್ಲಿ ಇದು ಸೊಗಸಾದ ಚರ್ಚೆ. ಆದರೆ ನುಡಿಸುವ ಕೈಯೇ ಒಂದು ದಿನ ಮಾತು ಕೇಳದೆ ಹೋದರೆ ಅದು ಚರ್ಚೆಯಾಗಿ ಉಳಿಯುವುದಿಲ್ಲ. ಅಮೆರಿಕದ ಪಿಯಾನೊ ವಿದ್ವಾಂಸರಾದ ಲಿಯಾನ್ ಫ್ಲೈಷರರಿಗೆ ಅದು ಮೂವತ್ತು ವರ್ಷಗಳ ಬಾಳಿನ ಪ್ರಶ್ನೆಯಾಯಿತು.

ಫ್ಲೈಷರರು 1928ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಆರ್ಟೂರ್ ಶ್ನಾಬೆಲರ ಶಿಷ್ಯರಾದರು. ಶ್ನಾಬೆಲರ ಗುರು ಲೆಶೆಟಿಟ್ಸ್ಕಿ, ಆತನ ಗುರು ಚೆರ್ನಿ, ಚೆರ್ನಿಯ ಗುರು ಸಾಕ್ಷಾತ್ ಬೀಥೋವನ್. ಇಂತಹ ಪರಂಪರೆಯಲ್ಲಿ ಬೆಳೆದ ಹುಡುಗನು 1944ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಪ್ರಸಿದ್ಧ ಫಿಲ್‌ಹಾರ್ಮೊನಿಕ್ ವಾದ್ಯಮೇಳದೊಡನೆ ಬ್ರಾಮ್ಸನ ಮೊದಲನೆಯ ಪಿಯಾನೊ ಕಾನ್ಚೆರ್ಟೊವನ್ನು ನುಡಿಸಿ ಹೆಸರು ಪಡೆದನು. 1952ರಲ್ಲಿ ಬ್ರಸೆಲ್ಸ್ ನಗರದ ರಾಣಿ ಎಲಿಜಬೆತ್ ಸ್ಪರ್ಧೆಯ ಪ್ರಥಮ ಬಹುಮಾನವೂ ಲಭಿಸಿತು. ಮುಂದೆ ಜಾರ್ಜ್ ಸೆಲ್ಲರ ನಾಯಕತ್ವದಲ್ಲಿ ಕ್ಲೀವ್‌ಲೆಂಡ್ ಮೇಳದೊಡನೆ ಬೀಥೋವನ್ ಮತ್ತು ಬ್ರಾಮ್ಸರ ಕಾನ್ಚೆರ್ಟೊಗಳನ್ನು ನುಡಿಸಿದ ಧ್ವನಿಮುದ್ರಿಕೆಗಳನ್ನು ರಸಿಕರು ಇಂದಿಗೂ ಆದರದಿಂದ ಕೇಳುತ್ತಾರೆ.

ಇಷ್ಟು ಏರಿದ ಮೇಲೆ, 1964ರ ಸುಮಾರಿಗೆ, ಬಲಗೈಯ ಉಂಗುರಬೆರಳೂ ಕಿರುಬೆರಳೂ ತಾವಾಗಿಯೇ ಅಂಗೈಯೊಳಕ್ಕೆ ಮಡಿಚಿಕೊಳ್ಳಲಾರಂಭಿಸಿದವು. ಎರಡು ಬೆರಳು ತಾನೆ ಎನ್ನಬಾರದು. ಪಿಯಾನೊದ 88 ಮನೆಗಳಲ್ಲಿ ರಾಗದ ಮುಖ್ಯವಾದ ಎಳೆಯು ಬಹುಮಟ್ಟಿಗೆ ಮೇಲಿನ ಸ್ವರಗಳಲ್ಲಿ ಓಡುವುದು. ಅದನ್ನು ಹೊರುವ ಭಾರವು ಬಲಗೈಯ ಆ ಎರಡು ದುರ್ಬಲವಾದ ಬೆರಳುಗಳ ಮೇಲೆಯೇ ಬೀಳುವುದು. ಗಾಯವಿಲ್ಲ, ಎಲುಬಿನಲ್ಲಿ ದೋಷವಿಲ್ಲ. ಮಿದುಳು ಸ್ನಾಯುಗಳಿಗೆ ಕಳುಹಿಸುವ ಆಜ್ಞೆಯೇ ಕೆಡುವ ಡಿಸ್ಟೋನಿಯ ಎಂಬ ವ್ಯಾಧಿ ಇದೆಂದು ತಿಳಿದುದು ಎಷ್ಟೋ ವರ್ಷಗಳ ಮೇಲೆ. ಬದುಕೇ ಬೇಡವೆನಿಸಿದ ದಿನಗಳೂ ಇದ್ದುವೆಂದು ಫ್ಲೈಷರರು ಮುಂದೆ ತಾವೇ ಹೇಳಿಕೊಂಡಿದ್ದಾರೆ.

ಅವರಿಗೆ ಮೂರು ದಾರಿಗಳು ಉಳಿದವು. ಮೊದಲನೆಯದು ಅಧ್ಯಾಪನ. ಬಾಲ್ಟಿಮೋರಿನ ಪೀಬಡಿ ಸಂಗೀತಶಾಲೆಯಲ್ಲಿ 1959ರಿಂದಲೇ ಪಾಠ ಹೇಳುತ್ತಿದ್ದರು. ನುಡಿಸಿ ತೋರಿಸಲಾಗದ ಗುರುವು ಈಗ ಮಾತಿನಿಂದಲೇ ತಿಳಿಸಬೇಕಾಯಿತು. ಆದುದರಿಂದ ತನ್ನ ಬೆರಳುಗಳು ಯೋಚನೆಯಿಲ್ಲದೆ ಮಾಡುತ್ತಿದ್ದುದನ್ನೆಲ್ಲ ಮನಸ್ಸಿನಲ್ಲಿ ಬಿಡಿಸಿ ನೋಡಬೇಕಾಯಿತು. ಎರಡನೆಯದು ಎಡಗೈಗೆಂದೇ ಬರೆದ ಕೃತಿಗಳು. ಮೊದಲನೆಯ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪೌಲ್ ವಿಟ್ಗೆನ್‌ಸ್ಟೈನನಿಗಾಗಿ ರಾವೆಲ್ ಮೊದಲಾದವರು ಇಂತಹವನ್ನು ರಚಿಸಿದ್ದರು. ಅಲ್ಲಿ ಹೆಬ್ಬೆರಳು ರಾಗವನ್ನು ಹಾಡುವುದು. ಉಳಿದ ಬೆರಳುಗಳು ಮಂದ್ರಸ್ವರವನ್ನು ಮುಟ್ಟಿ ಬರುವಷ್ಟರಲ್ಲಿ ಕಾಲಡಿಯ ಪೆಡಲು ನಾದವನ್ನು ಹಿಡಿದಿಡುವುದು.

ಮೂರನೆಯದು ಮೇಳನಾಯಕತ್ವ. 1970ರಲ್ಲಿ ಅನಾಪೊಲಿಸ್ ಎಂಬ ಚಿಕ್ಕ ಊರಿನ ಮೇಳಕ್ಕೆ ನಾಯಕರಾದರು. 1973ರಲ್ಲಿ ಬಾಲ್ಟಿಮೋರ್ ಮೇಳದ ಸಹನಾಯಕರಾದರು. ವಿಚಾರಿಸಿದರೆ ಈ ಕಾರ್ಯವೊಂದು ವಿಚಿತ್ರ. ಸಭೆಯ ಮುಂದೆ ಎಲ್ಲರಿಗೂ ಕಾಣುವಂತೆ ನಿಂತವನು ತಾನೊಬ್ಬನೇ ಒಂದು ಸ್ವರವನ್ನೂ ನುಡಿಸುವುದಿಲ್ಲ. ಇನ್ನೊಬ್ಬರ ಕೈಯಿಂದ ಹೊರಡಬೇಕಾದ ನಾದವನ್ನು ಹೊರಡುವ ಮೊದಲೇ ಕೇಳಿಕೊಂಡು, ಹೊರಟ ಮೇಲೆ ತಾನು ಕೇಳಿದುದರೊಡನೆ ಹೋಲಿಸಿ ತಿದ್ದುವುದೇ ಅವನ ಕೆಲಸ. ತಮ್ಮ ಬಾಂಧವ್ಯವು ಸಂಗೀತದೊಡನೆಯೇ ಹೊರತು ಎರಡು ಕೈಗಳ ಪಿಯಾನೊದೊಡನೆ ಮಾತ್ರವಲ್ಲವೆಂದು ಫ್ಲೈಷರರು ಕಂಡುಕೊಂಡುದು ಈ ವರ್ಷಗಳಲ್ಲಿ.

ಹಾಗೆ ಕಂಡುಕೊಂಡುದು ದಿಟವೋ, ಬರಿಯ ಸಮಾಧಾನವೋ? 1982ರಲ್ಲಿ ಅದರ ಪರೀಕ್ಷೆಯಾಯಿತು. ಬಾಲ್ಟಿಮೋರಿನ ಮೇಯರ್‌ಹಾಫ್ ಸಭಾಂಗಣದ ಪ್ರಾರಂಭೋತ್ಸವದಲ್ಲಿ ಫ್ಲೈಷರರು ಎರಡು ಕೈಗಳಿಂದ ನುಡಿಸುವರೆಂದು ಸುದ್ದಿ ಹಬ್ಬಿತು. ಮೊದಲು ಗೊತ್ತುಮಾಡಿದ್ದ ಬೀಥೋವನ್ನನ ಕಾನ್ಚೆರ್ಟೊವನ್ನು ಕೈ ತಾಳಲಾರದೆಂದು ಬಿಟ್ಟು, ಫ್ರಾಂಕನ ಚಿಕ್ಕ ಕೃತಿಯೊಂದನ್ನು ನುಡಿಸಿದರು. ಸಭೆಯು ಹರ್ಷದಿಂದ ಎದ್ದುನಿಂತಿತು, ಪತ್ರಿಕೆಗಳು ಹೊಗಳಿದವು. ಆದರೆ ಕೈ ಗುಣವಾಗಿಲ್ಲವೆಂಬುದು ಅವರೊಬ್ಬರಿಗೆ ಗೊತ್ತಿತ್ತು. ಲೋಕವು ಮೆಚ್ಚಿದುದನ್ನು ಒಪ್ಪಿಕೊಂಡು ಮುಂದುವರಿಯುವುದು ಸುಲಭವಾಗಿದ್ದಿತು. ಅವರು ಒಪ್ಪಿಕೊಳ್ಳಲಿಲ್ಲ, ಮರಳಿ ಎಡಗೈಗೂ ಮೇಳಕ್ಕೂ ಶಿಷ್ಯರಿಗೂ ಹಿಂದಿರುಗಿದರು. ಸಾವಿರ ಜನರ ಚಪ್ಪಾಳೆಗಿಂತ ತನ್ನ ಕಿವಿಯ ತೀರ್ಪನ್ನು ದೊಡ್ಡದೆಂದು ತಿಳಿದ ಈ ನಿರಾಕರಣೆಯು ಅವರ ಯಾವ ವಿಜಯಕ್ಕಿಂತಲೂ ಕಡಿಮೆಯಾದುದಲ್ಲ.

1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದಿನಿಂದಲೂ ಅಂಗಮರ್ದನದಿಂದಲೂ ಬಿಗಿದ ಸ್ನಾಯುಗಳು ಸಡಿಲಿದವು. ರೋಗವು ಹೋಗಲಿಲ್ಲ, ಅಂಕೆಗೆ ಬಂದಿತು. 2003ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಎರಡು ಕೈಗಳಿಂದ ಕಚೇರಿ ಮಾಡಿದರು. 2004ರಲ್ಲಿ ‘ಎರಡು ಕೈಗಳು’ ಎಂಬರ್ಥದ ಹೆಸರಿನ ಧ್ವನಿಮುದ್ರಿಕೆಯೂ ಹೊರಬಂದಿತು. ಬಾಕನ ಶಾಂತವಾದ ಕೃತಿಗಳಿಂದ ಮೊದಲಾಗಿ ಷೂಬರ್ಟನ ಕೊನೆಯ ಸೊನಾಟದಲ್ಲಿ ಅದು ಮುಗಿಯುತ್ತದೆ. ಅಲ್ಲಿ ಯೌವನದ ವೇಗವನ್ನು ಹುಡುಕುವವನು ನಿರಾಶನಾಗುವನು. ಒಂದು ಸ್ವರಕ್ಕೂ ಮುಂದಿನದಕ್ಕೂ ನಡುವಣ ಮೌನವನ್ನು ಕೇಳಬಲ್ಲವನಿಗೆ ಮಾತ್ರ, ನಾಯಕಪೀಠದಲ್ಲಿ ನಿಂತು ಆಲಿಸಿದ ವರ್ಷಗಳು ಎಲ್ಲಿ ಹೋದವೆಂದು ತಿಳಿಯುವುದು.

ಅದೇ 2004ರಲ್ಲಿ ಅವರು ಬರ್ಲಿನ್ನಿಗೆ ಹೋದರು. ವಿಟ್ಗೆನ್‌ಸ್ಟೈನನಿಗಾಗಿ ಹಿಂಡೆಮಿತ್ 1923ರಲ್ಲಿ ರಚಿಸಿದ ಎಡಗೈ ಕೃತಿಯೊಂದನ್ನು ಆತನು ನುಡಿಸದೆ ಇಟ್ಟುಬಿಟ್ಟಿದ್ದನು. ಅದು ಬಹುಕಾಲ ಕಾಣೆಯಾಗಿದ್ದು ಆಗತಾನೇ ದೊರೆತಿತ್ತು. ಅದನ್ನು ಲೋಕಕ್ಕೆ ಮೊದಲು ಕೇಳಿಸಿದವರು ಫ್ಲೈಷರರು. ಬಲಗೈ ಮರಳಿತೆಂದು ಕಷ್ಟಕಾಲದ ಎಡಗೈಯನ್ನು ಅವರು ಮರೆಯಲಿಲ್ಲ. 2020ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಬಾಲ್ಟಿಮೋರಿನಲ್ಲಿ ಕಾಲವಾದರು.