ಆಡು ಮುಟ್ಟಬಾರದ ಸೊಪ್ಪು

ನಮಗೆ ಆಗ ಹತ್ತು ವರ್ಷ. ಸಿಂದಗಿಯ ಮನೆಗೆ ಅಬ್ಬಾ ಇಂಡಿಯ ಸಂತೆಯಿಂದ ಒಂದು ಕರಿ ಆಡಿನ ಮರಿ ತಂದರು. ಹಣೆಯ ಮೇಲೆ ಬಿಳಿ ಚುಕ್ಕೆ ಇತ್ತೆಂದು ಮೋತಿ ಎಂದು ಹೆಸರಿಟ್ಟೆವು. ಶಾಲೆಯಿಂದ ಬಂದವರೇ ಪಾಟೀಚೀಲ ಒಗೆದು ಅದರ ಕೊರಳಿಗೆ ಬೀಳುತ್ತಿದ್ದೆವು. ಚುರುಮುರಿ, ಬಿಸ್ಕೀಟು, ರೊಟ್ಟಿ ಚೂರು ಎಲ್ಲದರಲ್ಲೂ ಅದಕ್ಕೊಂದು ಪಾಲು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಪಾಠದಲ್ಲೇ ಇತ್ತಲ್ಲ! ಗಾದೆ ಹೇಳಿದ್ದು ಸೊಪ್ಪಿನ ಮಾತು, ಅನ್ನದ ಮಾತಲ್ಲ ಎಂದು ನಮಗೆ ಹೊಳೆಯಲಿಲ್ಲ.

ಓಣಿಯಲ್ಲಿ ಒಂದು ಮದುವೆ. ಊಟ ಮುಗಿದ ಮೇಲೆ ಉಳಿದ ಅನ್ನ ಒಂದು ಬುಟ್ಟಿ ತಂದು ಮೋತಿಯ ಮುಂದೆ ಸುರಿದೆವು. ಅದು ಗಬಗಬ ತಿಂದಿತು. ನಾವು ಚಪ್ಪಾಳೆ ಹೊಡೆದೆವು. "ಬಿಚಾರಾ ಭೂಕಾ ಥಾ" ಎಂದು ಅಮ್ಮಿಯೂ ನಕ್ಕರು. ಬೆಳಗಾಗುವಷ್ಟರಲ್ಲಿ ಮೆಲುಕು ನಿಂತಿತ್ತು, ಎಡಬದಿಯ ಹೊಟ್ಟೆ ಉಬ್ಬಿತ್ತು, ಹಲ್ಲು ಕಡಿಯುತ್ತಿತ್ತು. ಅಮ್ಮಿ ಅಜವಾನ ಅರೆದು ಕುಡಿಸಿದರು. ಮಗ್ರಿಬ್ ಹೊತ್ತಿಗೆ ಮೋತಿ ಕಾಲು ಚಾಚಿತು.

ಆಡಿನ ಹೊಟ್ಟೆಯಲ್ಲಿ 4 ಕೋಣೆಗಳು. ಮೊದಲನೆಯ ದೊಡ್ಡ ಕೋಣೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಸೊಪ್ಪು-ಕಣಕಿಯನ್ನು ಮೆಲ್ಲಗೆ ಕೊಳೆಸಿ ಹದ ಮಾಡುತ್ತವೆ. ಅಲ್ಲಿಗೆ ಒಮ್ಮೆಲೇ ಅನ್ನವೋ ಜೋಳದ ಹಿಟ್ಟೋ ಬಿದ್ದರೆ ಎಲ್ಲ ಹುಳಿಯಾಗುತ್ತದೆ. ಆ ಹುಳಿ ರಕ್ತಕ್ಕೆ ಇಳಿದು ಪ್ರಾಣ ತೆಗೆಯುತ್ತದೆ. ಕಾಳು ಕೊಡಲೇಬೇಕೆಂದರೆ ಒಂದು ಹಿಡಿಯಿಂದ ಶುರು ಮಾಡಿ, ದಿನದಿನಕ್ಕೆ ಸ್ವಲ್ಪಸ್ವಲ್ಪ ಏರಿಸಬೇಕು. ಇದನ್ನು ದನದ ಡಾಕ್ಟರೊಬ್ಬರು ನಮಗೆ ತಿಳಿಸಿ ಹೇಳಿದ್ದು ಮೋತಿ ಸತ್ತು ಎಷ್ಟೋ ವರ್ಷಗಳಾದ ಮೇಲೆ.

ಇನ್ನು ಸೊಪ್ಪಿನಲ್ಲಾದರೂ ಗಾದೆ ನಿಜವೇ? ಮುದ್ದೇಬಿಹಾಳದಲ್ಲಿ ಅಕ್ಕನ ಮನೆಯ ಹಿಂದೆ ಜೋಳ ಕೊಯ್ದ ಹೊಲ. ಒಂದು ಅಡ್ಡಮಳೆಗೆ ಕೂಳೆ ಚಿಗುರಿ ಕಣ್ಣು ತುಂಬುವಷ್ಟು ಹಸಿರಾಗಿತ್ತು. ಅಕ್ಕನ ಆಡುಗಳನ್ನು ಅಲ್ಲಿಗೆ ಬಿಡಲು ಹೊರಟೆವು. ದಾರಿಯಲ್ಲಿದ್ದ ಕುರುಬರ ಮುದುಕ ಕೋಲು ಅಡ್ಡ ಹಿಡಿದ. "ಯಪ್ಪಾ, ಆ ಚಿಗುರಿಗೆ ಬಾಯಿ ಹಾಕಿಸಬ್ಯಾಡ್ರಿ. ನಿಂತಲ್ಲೇ ಬೀಳ್ತಾವ." ಎಳೆ ಜೋಳದಲ್ಲಿ, ಅದರಲ್ಲೂ ಮಳೆಯಿಲ್ಲದೆ ಬಾಡಿ ನಿಂತ ಪೈರು ಮತ್ತು ಕೂಳೆಯ ಚಿಗುರಿನಲ್ಲಿ, ಜಗಿದಾಗ ಸೈನೈಡ್ ಬಿಡುವ ಅಂಶವಿದೆ. ಹೆಚ್ಚು ಮೇಯ್ದ ಜಾನುವಾರು ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಇದೆ, ಆದರೆ ಅದು ಬರುವತನಕ ಉಸಿರು ಉಳಿದಿರಬೇಕಲ್ಲ! ಇದೇ ಜೋಳ ಬಲಿತು, ಕೊಯ್ದು, ಬಿಸಿಲಲ್ಲಿ ಚೆನ್ನಾಗಿ ಒಣಗಿದರೆ ಕಣಕಿ. ಬೇಸಿಗೆಯಲ್ಲಿ ಈ ಜಿಲ್ಲೆಯ ದನಕರುಗಳ ಹೊಟ್ಟೆ ಹೊರೆಯುವುದು ಅದೇ. ಮುದುಕ ಇಂಗ್ಲಿಷ್ ಹೆಸರು ಕೇಳಿದವನಲ್ಲ, ಎರಡನ್ನೂ ಬಲ್ಲವನಾಗಿದ್ದ.

ಕಣಗಿಲದ ಮಾತಂತೂ ಹೇಳಲೇಬೇಕು. ಹೆದ್ದಾರಿಯ ನಡುವೆ ಚೆಂದಕ್ಕೆಂದು ಅದನ್ನೇ ನೆಡುತ್ತಾರೆ. ಅದರ ಕೆಲವು ಎಲೆಗಳೇ ಒಂದು ಆಡಿಗೆ ಸಾಕು. ಕತ್ತರಿಸಿ ರಸ್ತೆ ಬದಿಗೆ ಎಸೆದ ಟೊಂಗೆ ಒಣಗಿದರೂ ವಿಷ ಹೋಗುವುದಿಲ್ಲ.

ಈಗ ಬಸವನ ಬಾಗೇವಾಡಿಯಲ್ಲಿ ತಮ್ಮನ ಮಗಳು ಒಂದು ಮರಿ ಸಾಕಿದ್ದಾಳೆ. ಹೋದ ರಂಜಾನಿನಲ್ಲಿ ಇಫ್ತಾರ್ ಮುಗಿಯುತ್ತಲೇ ಫೋನು ಬಂತು.

"ಬಡೇ ಅಬ್ಬಾ, ಕಲ್ಲಂಗಡಿ ಸಿಪ್ಪಿ ಭಾಳ ಉಳದಾವ. ಮರಿಗೆ ಹಾಕ್ಲೇನ್ರಿ?"

"ಮೇವು ಏನು ತಿಂದದ ಬೇಟಾ?"

"ತೊಗರಿ ಹೊಟ್ಟು, ಶೇಂಗಾ ಬಳ್ಳಿ. ಮಧ್ಯಾಹ್ನ ಜಾಲಿಕಾಯಿ."

"ಹಂಗಾದ್ರ ತೊಳದು, ಸಣ್ಣಗೆ ಹೆಚ್ಚಿ ಎರಡು ತುಂಡು ಹಾಕು. ಸಮೋಸಾ ಹಾಕಬ್ಯಾಡ."

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಒಂದು ಹಾಕೇನ್ರಿ" ಎಂದಳು.

ಆ ರಾತ್ರಿ ತರಾವೀಹ್ ಮುಗಿಸಿ ಬಂದವರೇ ಮತ್ತೆ ಫೋನು ಮಾಡಿ, ಮರಿ ಮೆಲುಕು ಹಾಕುತ್ತಿದೆಯೇ ಎಂದು ಕೇಳಿದೆವು. ಹಾಕುತ್ತಿತ್ತು.